‘ಪ್ರೋಟಾನ್-ಸಮೃದ್ಧ ಧಾತು’ ಎಂಬ ಬಳಕೆ ಸರಿಯೇ?

ಸೂಪರ್‌ನೋವಾ (ನಕ್ಷತ್ರದ ಸ್ಫೋಟ) ಕುರಿತ ಬರಹಗಳಲ್ಲಿ ‘ಅಪರೂಪದ ಪ್ರೋಟಾನ್-ಸಮೃದ್ಧ ಧಾತುಗಳು’ ಎಂಬ ಮಾತು ಕಾಣುತ್ತದೆ. ಇದರಲ್ಲಿ ‘ಧಾತು’ ತಪ್ಪು, ‘ಸಮೃದ್ಧ’ ದಾರಿ ತಪ್ಪಿಸುತ್ತದೆ.

ತವರವನ್ನೇ ನೋಡಿ. 50 ಪ್ರೋಟಾನ್ ಇದ್ದರೆ ಮಾತ್ರ ಅದು ತವರ. ಒಂದು ಹೆಚ್ಚಿದರೂ ಆಂಟಿಮನಿ. ಪ್ರೋಟಾನ್ ಹೆಚ್ಚಿರುವ ತವರ ಎಂಬುದೇ ಇಲ್ಲ! ಹೆಸರಿನ ಮುಂದೆ ಬರುವ ಅಂಕಿ ಪ್ರೋಟಾನ್ ಮತ್ತು ನ್ಯೂಟ್ರಾನ್ ಸೇರಿದ ಒಟ್ಟು ಸಂಖ್ಯೆ. ಹೇರಳವಾಗಿರುವ ತವರ-120ರಲ್ಲಿ 70 ನ್ಯೂಟ್ರಾನ್, ಶೇ. 1ಕ್ಕಿಂತ ತುಸು ಕಡಿಮೆ ಸಿಗುವ ತವರ-112ರಲ್ಲಿ 62. ಕಮ್ಮಿಯಾಗಿರುವುದು ನ್ಯೂಟ್ರಾನ್. ಒಂದೇ ಧಾತುವಿನ, ನ್ಯೂಟ್ರಾನ್ ಸಂಖ್ಯೆ ಮಾತ್ರ ಬೇರೆಯಾದ ಇಂಥ ರೂಪವೇ ಐಸೋಟೋಪ್. ಆದ್ದರಿಂದ ‘ನ್ಯೂಟ್ರಾನ್-ಕೊರತೆಯ ಐಸೋಟೋಪ್’ ಎಂದರೆ ವಿಷಯ ನೇರವಾಗಿ ತಿಳಿಯುತ್ತದೆ. ಐಸೋಟೋಪ್ ಬದಲು ‘ಸಮಸ್ಥಾನಿ’ ಎಂದರೂ ಆದೀತು. ಸೆಲೆನಿಯಂ-74ರಿಂದ ಪಾದರಸ-196ರವರೆಗೆ ಇಂಥವು ಸುಮಾರು 35. ‘ಅಪರೂಪದ’ ಎಂಬುದೂ ಎಲ್ಲಕ್ಕೂ ಒಪ್ಪುವುದಿಲ್ಲ: ಮಾಲಿಬ್ಡಿನಂ-92 ಮತ್ತು 94 ಸೇರಿ ಆ ಧಾತುವಿನ ಕಾಲು ಭಾಗದಷ್ಟಿವೆ. ಅಷ್ಟೊಂದು ಎಲ್ಲಿಂದ ಬಂತೆಂಬುದು ಇನ್ನೂ ಬಗೆಹರಿದಿಲ್ಲ.

1957ರಲ್ಲಿ ವಿಜ್ಞಾನಿಗಳಾದ ಬರ್ಬಿಜ್ ದಂಪತಿ, ಫೌಲರ್, ಹಾಯ್ಲ್ ಇಂಥ ಐಸೋಟೋಪ್ ಹುಟ್ಟುವ ಬಗೆಯನ್ನು ‘ಪಿ-ಪ್ರಕ್ರಿಯೆ’ ಎಂದು ಕರೆದರು. ಆ ಹೆಸರು ಕೇಳಿದರೆ ಪರಮಾಣು ಬೀಜಕ್ಕೆ ಪ್ರೋಟಾನ್ ಸೇರುತ್ತದೆ ಅನಿಸುತ್ತದೆ. ಆದರೆ ಭಾರದ ಬೀಜಗಳು ವಿದ್ಯುದಂಶದಿಂದಾಗಿ ಪ್ರೋಟಾನನ್ನು ದೂರ ತಳ್ಳುತ್ತವೆ. ಆ ತಡೆ ದಾಟಲು ತಾಪ ಏರಿಸಿದರೆ ಸೇರಿದ ಪ್ರೋಟಾನನ್ನೂ ಗಾಮಾ ಕಿರಣ (ಅತಿ ಹೆಚ್ಚು ಶಕ್ತಿಯ ಬೆಳಕು) ಹೊರಗಟ್ಟುತ್ತದೆ.

ಈಗ ಹೆಚ್ಚಿನವರು ಒಪ್ಪುವುದು ಗಾಮಾ ಪ್ರಕ್ರಿಯೆಯನ್ನು. ಸ್ಫೋಟದ ಆಘಾತ ತರಂಗ ನಕ್ಷತ್ರದ ಆಕ್ಸಿಜನ್-ನಿಯಾನ್ ಪದರಕ್ಕೆ ಬಡಿದಾಗ ಸುಮಾರು ಒಂದು ಸೆಕೆಂಡು ಅಲ್ಲಿ 200ರಿಂದ 350 ಕೋಟಿ ಕೆಲ್ವಿನ್ ತಾಪ. ಮೊದಲೇ ಇದ್ದ ಭಾರದ ಬೀಜಗಳಿಂದ ಗಾಮಾ ಕಿರಣ ಒಂದೊಂದೇ ನ್ಯೂಟ್ರಾನ್ ಕೀಳುತ್ತದೆ. ತವರ-120ರಿಂದ ಒಂದನ್ನು ಕೀಳಲು ಸುಮಾರು 91 ಲಕ್ಷ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು. 112ಕ್ಕೆ ಬರುವಷ್ಟರಲ್ಲಿ ಒಂದು ಕೋಟಿ ದಾಟುತ್ತದೆ. ಹೀಗೆ ಬಿಗಿ ಹೆಚ್ಚುತ್ತಾ ಹೋಗಿ ಒಂದು ಹಂತದಲ್ಲಿ ನ್ಯೂಟ್ರಾನಿಗಿಂತ ಪ್ರೋಟಾನ್ ಅಥವಾ ಆಲ್ಫಾ ಕಣ (ಎರಡು ಪ್ರೋಟಾನ್, ಎರಡು ನ್ಯೂಟ್ರಾನ್‌ಗಳ ಗಂಟು) ಕಳಚುವುದೇ ಸುಲಭವಾಗುತ್ತದೆ. ತಾಪ ಕಡಿಮೆಯಾದರೆ ಏನೂ ಕೀಳುವುದಿಲ್ಲ; ಮಿತಿ ಮೀರಿದರೆ ಎಲ್ಲ ಕರಗಿ ಕಬ್ಬಿಣ ಮತ್ತು ಅದರ ನೆರೆಯ ಧಾತುಗಳ ಗುಂಪಿಗೇ ಇಳಿಯುತ್ತದೆ.

ಈ ಕೀಳುವಿಕೆಗೆ ‘ವಿದಳನ’ ಬೇಡ. ಅದು ಯುರೇನಿಯಂ ಎರಡು ಹೋಳಾಗುವುದಕ್ಕೆ ಮೀಸಲು. ‘ದ್ಯುತಿವಿಘಟನೆ’ (ಬೆಳಕಿನಿಂದ ಒಡೆಯುವುದು) ಎಂಬುದರಲ್ಲೂ ಬೀಜ ಚೂರುಚೂರಾದ ಧ್ವನಿಯಿದೆ. ಇಲ್ಲಿ ನಡೆಯುವುದು ಜೋಳದ ತೆನೆಯಿಂದ ಕಾಳು ಬಿಡಿಸಿದಂಥ ಕೆಲಸ. ‘ಗಾಮಾ ಬಿಡಿಸಿಕೆ’ ಎಂದರೆ ಹೇಗೆ? ನ್ಯೂಟ್ರಾನ್ ಬಿಡಿಸಿಕೆ, ಆಲ್ಫಾ ಬಿಡಿಸಿಕೆ ಎಂದು ಅದನ್ನೇ ಮುಂದುವರಿಸಲೂ ಬರುತ್ತದೆ.