ನರ್ಸ್ ಕೆಲಸಕ್ಕೆ ಎಷ್ಟು ದೂರದಿಂದ ಅಪ್-ಡೌನ್ ಮಾಡಬಹುದು? ಮಾಡಿದವರು ಹೇಳಿ

ಅಕ್ಕಂದಿರೇ, ನಮ್ಮ ಮನೆ ಬೈಲಹೊಂಗಲ. ಈ ವರ್ಷ ಬಿಎಸ್ಸಿ ನರ್ಸಿಂಗ್ ಮುಗೀತು. ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಅಂತ ತಗೊಂಡಿದ್ದಾರೆ, ಮುಂದಿನ ತಿಂಗಳು ಜಾಯಿನ್ ಆಗಬೇಕು. ದೂರ ಸುಮಾರು 45 ಕಿಲೋಮೀಟರ್. ಮನೆಯಲ್ಲಿ "ಬಸ್ ಹೇಗೂ ಫ್ರೀ ಇದೆ, ಅಪ್-ಡೌನ್ ಮಾಡು, ರೂಮಿಗೆ ಯಾಕೆ ಸುಮ್ನೆ ದುಡ್ಡು" ಅಂತಾರೆ. ಮೂರೂ ಪಾಳಿ ಇರುತ್ತದಂತೆ. ಎಷ್ಟು ದೂರದವರೆಗೆ ಓಡಾಡಬಹುದು?

ಬೆಳಗಾವಿ, ಮೊದಲು ಖಾನಾಪುರದಿಂದ ಓಡಾಡುತ್ತಿದ್ದೆ:

ತಂಗಿ, ಕಿಲೋಮೀಟರ್ ಲೆಕ್ಕ ಬಿಡು. ಮನೆ ಬಾಗಿಲಿನಿಂದ ವಾರ್ಡಿನ ಬಾಗಿಲಿಗೆ ಎಷ್ಟು ಹೊತ್ತು ಅಂತ ನೋಡು. ಬೈಲಹೊಂಗಲದಿಂದ ಬಸ್ ಒಂದೂಕಾಲು ಗಂಟೆ ಅಂದುಕೋ. ಅದಕ್ಕೆ ಬಸ್ ಸ್ಟ್ಯಾಂಡಿಗೆ ನಡೆಯೋದು, ಕಾಯೋದು, ಬೆಳಗಾವಿಯಲ್ಲಿ ಇಳಿದು ಸಿಟಿ ಬಸ್ಸೋ ಆಟೋನೋ ಹಿಡಿಯೋದು ಸೇರಿಸಿದರೆ ಎರಡು ಗಂಟೆ ಮುಟ್ಟುತ್ತದೆ. ಡಿಸೆಂಬರಿನಲ್ಲಿ ಸುವರ್ಣ ಸೌಧದಲ್ಲಿ ಅಧಿವೇಶನ ಇದ್ದಾಗ ನೀನು ಬರುವ ಹಿರೇಬಾಗೇವಾಡಿ ಕಡೆಯ ಹೈವೇಯಲ್ಲೇ ಧರಣಿ, ಪೊಲೀಸ್, ವಾಹನಗಳ ಸಾಲು. ಆ ದಿನಗಳ ಕಥೆ ಬೇರೆ.

ಇನ್ನು ಪಾಳಿ. ಆಫೀಸಿನವರಿಗೆ ಬೆಳಿಗ್ಗೆ ಹೋಗಿ ಸಂಜೆ ಬರೋದು, ಅಷ್ಟೇ. ನಮಗೆ ಹಾಗಲ್ಲ. ಕಷ್ಟ ಕೊಡೋದು ನೈಟ್ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ, ನನ್ನ ಪ್ರಕಾರ ಸೆಕೆಂಡ್ ಶಿಫ್ಟ್, ಅಂದರೆ ಮಧ್ಯಾಹ್ನ ಶುರುವಾಗಿ ರಾತ್ರಿ ಮುಗಿಯುವ ಪಾಳಿ. ಅದರಲ್ಲೂ ಸೆಕೆಂಡ್ ಮುಗಿಸಿ ಮರುದಿನ ಮಾರ್ನಿಂಗ್ ಹಾಕಿದರೆ. ಡ್ಯೂಟಿ ಎಂಟಕ್ಕೆ ಮುಗಿಯುತ್ತದೆ ಅಂತ ಲಿಸ್ಟಿನಲ್ಲಿ ಇರುತ್ತದೆ. ನೈಟ್ ಸಿಸ್ಟರ್ ಬಂದು, ಒಂದೊಂದು ಬೆಡ್ಡಿನ ಹತ್ತಿರ ನಿಂತು ಹ್ಯಾಂಡೋವರ್ ಕೊಟ್ಟು, ಔಷಧಿ ಲೆಕ್ಕ ಒಪ್ಪಿಸಿ, ಇನ್ನೊಂದು ಅಡ್ಮಿಷನ್ ಬಂದರೆ ಅದಕ್ಕೂ ಐವಿ ಹಾಕಿ ಹೊರಬೀಳುವಾಗ ಎಂಟೂವರೆ ದಾಟಿರುತ್ತದೆ. ಒಂಬತ್ತರ ಬಸ್ ಸಿಕ್ಕರೂ ಮನೆಗೆ ಹತ್ತೂವರೆ. ಊಟ, ಕಾಲು ತೊಳೆಯೋದು, ಅಮ್ಮನ ಜೊತೆ ಎರಡು ಮಾತು, ಹನ್ನೊಂದೂವರೆಗೆ ಹಾಸಿಗೆ. ಎಂಟರ ಡ್ಯೂಟಿಗೆ ಆರಕ್ಕೆ ಮನೆ ಬಿಡಬೇಕು ಅಂದರೆ ಐದಕ್ಕೆ ಏಳಬೇಕು. ಐದೂವರೆ ಗಂಟೆ ನಿದ್ದೆ ಮಾಡಿ ಇನ್ಸುಲಿನ್ ಯೂನಿಟ್ ಎಳೆಯಬೇಕು ನೀನು.

ಅದಕ್ಕೇ ನನ್ನ ಅಳತೆ ಒಂದೇ. ಎಲ್ಲಕ್ಕಿಂತ ಕೆಟ್ಟ ಪಾಳಿ ಇಟ್ಟುಕೊಂಡು ಲೆಕ್ಕ ಹಾಕು. ಎರಡು ಡ್ಯೂಟಿಗಳ ನಡುವೆ ಏಳು ಗಂಟೆ ನಿದ್ದೆ ಉಳಿಯುತ್ತದಾ? ಉಳಿದರೆ ಓಡಾಡು, ಇಲ್ಲದಿದ್ದರೆ ರೂಮ್ ನೋಡು. ನನ್ನ ಲೆಕ್ಕದಲ್ಲಿ ಮೂರು ಪಾಳಿ ಮಾಡುವವರಿಗೆ ಬಾಗಿಲಿನಿಂದ ಬಾಗಿಲಿಗೆ ಒಂದು ಗಂಟೆ ದಾಟಬಾರದು. ಖಾನಾಪುರದಿಂದ ಬೆಳಗಾವಿಗೆ 25 ಕಿಲೋಮೀಟರ್ ಆಸುಪಾಸು, ರೈಲೂ ಇದೆ, ಬಸ್ಸೂ ಇದೆ, ಆದರೂ ಮಳೆಗಾಲದಲ್ಲಿ ನನಗೆ ಸಾಕುಸಾಕಾಗುತ್ತಿತ್ತು.

ಫ್ರೀ ಬಸ್ಸಿನ ಬಗ್ಗೆ. ಶಕ್ತಿ ಯೋಜನೆ 2023ರ ಜೂನಿನಲ್ಲಿ ಬಂದಾಗಿನಿಂದ ದುಡ್ಡು ಉಳಿದಿದ್ದು ನಿಜ, ಇಲ್ಲ ಅನ್ನಲ್ಲ. ಆದರೆ ಬಸ್ಸಿನಲ್ಲಿ ಸೀಟು ಸಿಗಬೇಕಲ್ಲ? ಆರು ತಾಸು ವಾರ್ಡಿನಲ್ಲಿ ನಿಂತು, ಮತ್ತೆ ಒಂದು ತಾಸು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತರೆ ಸೊಂಟ ಏನಾಗುತ್ತದೆ ಅಂತ ಮನೆಯವರಿಗೆ ಹೇಳು.

ವಿಜಯಪುರ ಜಿಲ್ಲೆ, ಸರ್ಕಾರಿ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ):

ಬಸ್ ಮಾತಿಗೆ ಒಂದು ಸೇರಿಸುತ್ತೇನೆ. ಫ್ರೀ ಇರೋದು ಸಾದಾ ಬಸ್ ಮತ್ತು ಎಕ್ಸ್‌ಪ್ರೆಸ್‌ನಲ್ಲಿ ಮಾತ್ರ, ರಾಜಹಂಸದಂಥ ಬಸ್ಸಿಗೆ ಟಿಕೆಟ್ ತಗೋಬೇಕು. ಸೊಲ್ಲಾಪುರ ಕಡೆ ಹೋಗುವ ಹೊರರಾಜ್ಯದ ಬಸ್ ಹತ್ತಿದರೂ ಅಷ್ಟೇ. ತಡವಾದಾಗ ಕೈಗೆ ಸಿಕ್ಕ ಬಸ್ ಹತ್ತುವವರು ನಾವು, ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಪೂರ್ತಿ ಫ್ರೀ ಆಗಿರಲ್ಲ.

ನಮ್ಮಂಥವರಿಗೆ ಕೇಂದ್ರ ಸ್ಥಾನದಲ್ಲೇ, ಅಂದರೆ ಕೆಲಸ ಮಾಡುವ ಊರಲ್ಲೇ, ಇರಬೇಕು ಅಂತ ನಿಯಮ. ಕ್ವಾರ್ಟರ್ಸ್ ಕೊಟ್ಟರೆ ಮನೆ ಬಾಡಿಗೆ ಭತ್ಯೆ ಹೋಗುತ್ತದೆ, ಮಕ್ಕಳ ಶಾಲೆ ಸಿಟಿಯಲ್ಲಿ. ಅದಕ್ಕೇ ಅರ್ಧಕ್ಕರ್ಧ ಜನ ಓಡಾಡುತ್ತಾರೆ, ಗೊತ್ತಿದ್ದೂ ಎಲ್ಲರೂ ಸುಮ್ಮನಿರುತ್ತಾರೆ. ರಾತ್ರಿ ಹೆರಿಗೆ ಕೇಸ್ ಬಂದಾಗ ಮಾತ್ರ "ಸಿಸ್ಟರ್ ಎಲ್ಲಿ" ಅಂತ ಊರೇ ಸೇರುತ್ತದೆ.

ಬಾಗಲಕೋಟೆ ನವನಗರ, ಡಯಾಲಿಸಿಸ್ ಯೂನಿಟ್:

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೆಳಗಾವಿ ಅಕ್ಕ ಬೇಜಾರು ಮಾಡ್ಕೋಬಾರದು. ಒಂದು ಗಂಟೆ ಅಂತ ಗೆರೆ ಎಳೆಯೋಕೆ ಆಗಲ್ಲ. ನಾನು ಬಾದಾಮಿ ಕಡೆಯ ಹಳ್ಳಿಯಿಂದ ಬರುತ್ತೇನೆ, ಒಂದೂವರೆ ಗಂಟೆ ಹಿಡಿಯುತ್ತದೆ. ನಮ್ಮ ಯೂನಿಟ್ಟಿನಲ್ಲಿ ನೈಟ್ ಇಲ್ಲ, ಭಾನುವಾರ ರಜೆ. ಮನೆಯಲ್ಲಿ ಅತ್ತೆ ಮಗುವನ್ನು ನೋಡಿಕೊಳ್ಳುತ್ತಾರೆ, ಬೆಳಿಗ್ಗೆ ರೊಟ್ಟಿ ಬಡಿದು ಡಬ್ಬಿ ಕಟ್ಟಿ ಕೊಡುತ್ತಾರೆ. ನವನಗರದಲ್ಲಿ ರೂಮ್ ಮಾಡಿದರೆ ಬಾಡಿಗೆ ಒಂದು ಕಡೆ, ಮಗು ನೋಡುವವರು ಯಾರು? ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಅರ್ಧ ಗಂಟೆ ನಿದ್ದೆ ಮಾಡ್ತೀನಿ, ಇಡೀ ದಿನದಲ್ಲಿ ನನಗೆ ಅಂತ ಸಿಗೋ ಹೊತ್ತು ಅದೊಂದೇ. ಹಾಗಾಗಿ ತಂಗಿ, ಯಾವ ವಾರ್ಡ್ ಕೊಡ್ತಾರೆ ಅಂತ ಮೊದಲು ಕೇಳು. ಒಪಿಡಿ, ಡಯಾಲಿಸಿಸ್ ಅಂದರೆ ಒಂದು ಲೆಕ್ಕ, ಐಸಿಯು ಅಂದರೆ ಇನ್ನೊಂದು.

ಜಮಖಂಡಿ, ನಾನು ಬ್ರದರ್ (ಗಂಡು ನರ್ಸ್):

ಹೆಣ್ಣುಮಕ್ಕಳು ಬಸ್ ಬಗ್ಗೆ ಮಾತಾಡಿದರು, ನಾನು ಗಾಡಿ ಬಗ್ಗೆ ಹೇಳ್ತೀನಿ, ಯಾಕಂದರೆ ಕಡೆಗೆ ಎಲ್ಲರೂ ಸ್ಕೂಟಿ ತಗೋಬೇಕು ಅನ್ನುವಲ್ಲಿಗೇ ಬರುತ್ತಾರೆ. ನೈಟ್ ಮುಗಿಸಿ ಗಾಡಿ ಓಡಿಸಬೇಡಿ. ದಯವಿಟ್ಟು. ಹದಿನೇಳು ಗಂಟೆ ಸತತ ಎಚ್ಚರ ಇದ್ದವರ ಕೈಕಾಲು, ಕಣ್ಣು ಕೆಲಸ ಮಾಡುವ ರೀತಿ, 100 ಮಿಲಿ ರಕ್ತದಲ್ಲಿ 50 ಮಿಲಿಗ್ರಾಂ ಆಲ್ಕೋಹಾಲ್ ಇದ್ದವರಂತೆ ಆಗಿರುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ನಮ್ಮ ದೇಶದಲ್ಲಿ ಕುಡಿದು ಓಡಿಸಿದ್ದಕ್ಕೆ ಕೇಸ್ ಹಾಕುವ ಮಿತಿ 30 ಮಿಲಿಗ್ರಾಂ. ಹಗಲು ಮಲಗದೆ ಮೊದಲ ನೈಟಿಗೆ ಬಂದವರು ಬೆಳಿಗ್ಗೆ ಎಂಟಕ್ಕೆ ಹೊರಡುವಾಗ ಇಪ್ಪತ್ನಾಲ್ಕು ಗಂಟೆ ಎಚ್ಚರ ಇರುತ್ತಾರೆ! ಪೊಲೀಸ್ ಮಷಿನ್‌ಗೆ ಇದು ಸಿಗಲ್ಲ, ಅಷ್ಟೇ ವ್ಯತ್ಯಾಸ.

ಇನ್ನೊಂದು, ನಮ್ಮ ಕಡೆಯ ರಸ್ತೆ. ದೀಪಾವಳಿ ಆದಮೇಲೆ ಫ್ಯಾಕ್ಟರಿ ಶುರುವಾದರೆ ಕಬ್ಬಿನ ಟ್ರ್ಯಾಕ್ಟರ್‌ಗಳದ್ದೇ ರಾಜ್ಯ. ಎರಡೆರಡು ಟ್ರೇಲರ್, ಹಿಂದೆ ಲೈಟಿಲ್ಲ, ಎಷ್ಟೋ ಸಲ ರೆಡಿಯಂ ಪಟ್ಟಿಯೂ ಇಲ್ಲ, ಕಬ್ಬಿನ ತುದಿ ರಸ್ತೆಗೆ ಚಾಚಿಕೊಂಡಿರುತ್ತದೆ. ಎದುರಿನ ಗಾಡಿಯ ಲೈಟ್ ಕಣ್ಣಿಗೆ ಬಿದ್ದರೆ ಮುಂದೆ ಟ್ರೇಲರ್ ಇರೋದೇ ಕಾಣಲ್ಲ. ರಾತ್ರಿ ಒಂಬತ್ತಕ್ಕೆ ಸೆಕೆಂಡ್ ಮುಗಿಸಿ ಬೈಲಹೊಂಗಲಕ್ಕೆ ಸ್ಕೂಟಿಯಲ್ಲಿ ಹೋಗ್ತೀನಿ ಅಂದರೆ ನಾನಂತೂ ಬೇಡ ಅನ್ನುತ್ತೇನೆ. ಮಳೆಗಾಲದ್ದು ಇನ್ನೊಂದು ಗೋಳು. ಘಟಪ್ರಭೆ ಉಕ್ಕಿದರೆ ಗೋಕಾಕದ ಹತ್ತಿರ ಲೋಳಸೂರ ಸೇತುವೆ ಮುಳುಗುತ್ತದೆ, ಆ ಕಡೆಯವರು ಡ್ಯೂಟಿಗೆ ಸುತ್ತು ಹಾಕಿ ಬರಬೇಕು.

ದುಡ್ಡಿನ ಲೆಕ್ಕವೂ ನೋಡಿ. 30 ಕಿಲೋಮೀಟರ್ ದೂರ ಅಂದರೂ ಹೋಗಿಬಂದು 60, ತಿಂಗಳಿಗೆ 26 ಡ್ಯೂಟಿಗೆ 1,500 ದಾಟುತ್ತದೆ. ಸ್ಕೂಟಿ ಲೀಟರಿಗೆ 45 ಕೊಟ್ಟರೂ 35 ಲೀಟರ್ ಹತ್ತಿರ, ಮೂರೂವರೆ ಸಾವಿರ ಪೆಟ್ರೋಲಿಗೇ ಹೋಯಿತು. ನಾಲ್ಕು ಜನ ಸೇರಿ ರೂಮ್ ಮಾಡಿದರೆ ಒಬ್ಬರ ಪಾಲಿನ ಬಾಡಿಗೆ ಇದಕ್ಕಿಂತ ಕಡಿಮೆಯೇ ಬೀಳಬಹುದು.

ಪ್ರಶ್ನೆ ಕೇಳಿದವಳು:

ಎಲ್ಲರಿಗೂ ಥ್ಯಾಂಕ್ಸ್. ಮೆಡಿಸಿನ್ ವಾರ್ಡ್ ಅಂತೆ, ಅಂದರೆ ಮೂರೂ ಪಾಳಿ. ಅಪ್ಪ ಇನ್ನೂ ಒಪ್ಪಿಲ್ಲ. "ಊರಿನ ಹುಡುಗಿಯರೆಲ್ಲ ಕಾಲೇಜಿಗೆ ಓಡಾಡಲ್ವಾ" ಅಂತಾರೆ. ಮೊದಲು ಒಂದು ತಿಂಗಳು ಓಡಾಡಿ ನೋಡಲಾ?

ಬೆಳಗಾವಿ:

ಕಾಲೇಜಿನ ಹುಡುಗಿಯರು ಸಂಜೆ ಐದಕ್ಕೆ ಬಸ್ ಹತ್ತುತ್ತಾರೆ ತಂಗಿ, ರಾತ್ರಿ ಒಂಬತ್ತಕ್ಕಲ್ಲ. ಒಂದು ತಿಂಗಳು ಬೇಡ. ಹೊಸಬಳು ನೀನು, ವಾರ್ಡ್ ಕಲಿಯುವುದರಲ್ಲೇ ಅರ್ಧ ಜೀವ ಹೋಗಿರುತ್ತದೆ. ಜಾಯಿನ್ ಆಗುವ ಮೊದಲೇ ಅಪ್ಪನನ್ನು ಕರೆದುಕೊಂಡು ಒಂದು ಸಂಜೆ ಬೆಳಗಾವಿಗೆ ಬಾ. ಎಂಟೂವರೆಗೆ ಆಸ್ಪತ್ರೆ ಗೇಟಿನಿಂದ ಹೊರಟು, ಬಸ್ ಸ್ಟ್ಯಾಂಡಿಗೆ ಹೋಗಿ, ಸಿಕ್ಕ ಬಸ್ ಹತ್ತಿ ಮನೆ ಮುಟ್ಟಿ. ಅಪ್ಪನೂ ಜೊತೆಗೇ ಬರಲಿ, ಆಮೇಲೆ ಮಾತಾಡೋಣ.

ಜಾಯಿನಿಂಗ್ ದಿನ ಸಂಬಳದ ಮಾತು ಬಂದಾಗಲೇ ಹಾಸ್ಟೆಲ್ ಇದೆಯಾ ಅಂತ ಕೇಳು. ಇದ್ದರೆ ಸಂಬಳದಲ್ಲಿ ಎಷ್ಟು ಮುರಿಯುತ್ತಾರೆ ಅಂತ ಬರೆಸಿಕೋ, ಬಾಯಿ ಮಾತಿಗೆ ಹೂಂ ಅನ್ನಬೇಡ. ಹಾಸ್ಟೆಲ್ ಇಲ್ಲ ಅಂದರೆ ನಿನ್ನ ವಾರ್ಡಿನ ಸಿಸ್ಟರ್‌ಗಳು ಎಲ್ಲಿ ಇದ್ದಾರೆ ಅಂತ ವಿಚಾರಿಸು, ಅವರ ರೂಮಿನಲ್ಲಿ ಒಂದು ಜಾಗ ಖಾಲಿ ಇದ್ದರೆ ಹೊರಗಿನ ಪಿಜಿಗಿಂತ ಅದೇ ವಾಸಿ, ನೈಟ್ ಮುಗಿಸಿ ಬಂದವರು ಹಗಲು ಮಲಗಿದರೆ ಗಲಾಟೆ ಮಾಡುವವರೂ ಇರಲ್ಲ. ಮತ್ತೆ ಇನ್‌ಚಾರ್ಜ್ ಸಿಸ್ಟರ್‌ಗೆ ಮೊದಲ ವಾರವೇ ಹೇಳಿಬಿಡು: ಸೆಕೆಂಡ್ ಆದ ಮೇಲೆ ಮಾರ್ನಿಂಗ್ ಬೇಡ, ಬೇಕಾದರೆ ನೈಟ್ ಹಾಕಿ, ಆಫ್ ದಿನ ಊರಿಗೆ ಹೋಗಿಬರುತ್ತೇನೆ ಅಂತ. ಕೇಳಿದವರಿಗೆ ಎಷ್ಟೋ ಸಲ ಕೊಡುತ್ತಾರೆ.