ಹೆಲ್ಪರ್ ಹುಡುಗನಿಗೆ 11 ಟನ್ ರೋಲರ್ ಕಲಿಸಬೇಕು, ಎಲ್ಲಿಂದ ಶುರು ಮಾಡಲಿ?

ಗರಸು ಸೈಟ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ರೋಣದ ಕಡೆ ಒಂದು ರಸ್ತೆ ಕೆಲಸದಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಸಬ್ ಕಂಟ್ರಾಕ್ಟ್, ಚಿಕ್ಕ ಟೀಮ್. ಹಳ್ಳಕ್ಕೆ ಹೊಸ ಸೇತುವೆ ಆಗಿದೆ. ಅದರ ಎರಡೂ ಕಡೆ ಮಣ್ಣು ಏರಿಸಿ ರಸ್ತೆ ಕೂಡಿಸಬೇಕು. ಸೇತುವೆ ಹತ್ತಿರ ಏರಿ ಸುಮಾರು 4 ಮೀಟರ್ ಎತ್ತರ ಬರುತ್ತದೆ. ಸುತ್ತಲೂ ಎರೆ ಭೂಮಿ, ಹಾಕುತ್ತಿರುವುದು ಹೊರಗಿನಿಂದ ತಂದ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು.

ಮೆಷಿನ್ 11 ಟನ್ನಿನ ಸಾಯಿಲ್ ಕಾಂಪ್ಯಾಕ್ಟರ್, ಅಂದರೆ ಮಣ್ಣು ಗಟ್ಟಿ ಮಾಡುವ ರೋಲರ್. ಮುಂದೆ ಡ್ರಮ್, ಹಿಂದೆ ಎರಡು ಟೈರ್. ಊರಿಗೆ ಹೋದ ಆಪರೇಟರ್ ವಾಪಸ್ ಬರಲ್ಲ ಅಂದುಬಿಟ್ಟರು. ಹೆಲ್ಪರ್ ಹುಡುಗ ಒಬ್ಬ ಇದ್ದಾನೆ, 22 ವಯಸ್ಸು, ಚುರುಕು. ಗ್ರೀಸ್ ಹೊಡೆಯುವುದು, ಡೀಸೆಲ್ ಹಾಕುವುದು ಎಲ್ಲ ಅವನೇ. ಟ್ರ್ಯಾಕ್ಟರ್ ಚೆನ್ನಾಗಿ ಓಡಿಸುತ್ತಾನೆ. "ಸರ್, ಎರಡು ದಿನ ಕೊಡ್ರಿ, ನಾನೇ ಹೊಡೀತೀನಿ" ಅಂತಾನೆ. ಮಾಲೀಕರೂ "ಟ್ರ್ಯಾಕ್ಟರ್ ಬರ್ತದಲ್ಲ, ಇದೇನು ಮಹಾ" ಅಂತಾರೆ. ನನಗೆ ಧೈರ್ಯ ಸಾಲುತ್ತಿಲ್ಲ.

ಮೆಷಿನ್ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿದೆ. ಹುಡುಗನಿಗೆ ಓದಲು ಬರಲ್ಲ, ನಾನು ಓದಿ ಹೇಳಬಲ್ಲೆ. ಆದರೆ ಯಾವುದನ್ನು ಮೊದಲು ಕಲಿಸಲಿ? ಯಾವುದನ್ನು ಬಾಯಲ್ಲಿ ಹೇಳಿದರೆ ಸಾಕು, ಯಾವುದನ್ನು ಕೈಯಿಂದ ಮಾಡಿಸಬೇಕು? ಹೆಣ್ಣಾಳುಗಳು ಸೇರಿ ಹದಿನೈದು ಜನ ಅದೇ ಏರಿ ಮೇಲೆ ಕಲ್ಲು ಆರಿಸುತ್ತಾ, ಮಣ್ಣು ಹರಡುತ್ತಾ ಇರುತ್ತಾರೆ. ಅದೇ ನನ್ನ ಚಿಂತೆ. ಸೈಟಿನಲ್ಲಿ ಕಲಿಸಿದ ಅನುಭವ ಇರುವವರು ದಯವಿಟ್ಟು ಹೇಳಿ.

ಹಳೇ ಆಪರೇಟರ್:

ನಾನು ಅರಸೀಕೆರೆ ಕಡೆಯವನು. ಮೂರು ಚಕ್ರದ ಹಳೇ ಡೀಸೆಲ್ ರೋಲರ್‌ನಲ್ಲಿ ಕೆಲಸ ಕಲಿತೆ. ಆಮೇಲೆ ವೈಬ್ರೇಟರ್ ರೋಲರ್, ಡಾಂಬರು ಹೊಡೆಯುವ, ಹಿಂದೆ ಮುಂದೆ ಎರಡೂ ಕಡೆ ಡ್ರಮ್ ಇರುವ ಟ್ಯಾಂಡಮ್ ಎಲ್ಲ ಓಡಿಸಿದ್ದೇನೆ. ಈಗ ಹುಡುಗರಿಗೆ ಕಲಿಸುವುದೇ ಜಾಸ್ತಿ. ನಿಮ್ಮ ಚಿಂತೆ ಸರಿಯಾಗಿದೆ ಸರ್, ಮಾಲೀಕರ ಮಾತಿಗೆ ಅವಸರ ಮಾಡಬೇಡಿ.

ಟ್ರ್ಯಾಕ್ಟರ್ ಬರುವ ಹುಡುಗನಿಗೆ ರೋಲರ್ ಕಲಿಸುವಾಗ ಇನ್ನೂ ಹುಷಾರಾಗಿರಬೇಕು. ಗಾಬರಿ ಆದ ತಕ್ಷಣ ಅವನ ಕಾಲು ಕ್ಲಚ್ಚು, ಬ್ರೇಕು ಹುಡುಕುತ್ತದೆ. ಇಲ್ಲಿ ಕೆಲಸ ನಡೆಯುವುದು ಕೈಯಲ್ಲಿ. ಲಿವರ್ ಮುಂದಕ್ಕೆ ತಳ್ಳಿದರೆ ಮುಂದೆ, ಹಿಂದಕ್ಕೆ ಎಳೆದರೆ ಹಿಂದೆ, ನಡುವಿಗೆ ತಂದರೆ ನಿಲ್ಲುತ್ತದೆ. ಗಾಬರಿಯಲ್ಲಿ ನಡುವನ್ನು ದಾಟಿಸಿ ಆ ಕಡೆಗೆ ಎಳೆದರೆ ಮೆಷಿನ್ ಉಲ್ಟಾ ಹೊರಟುಬಿಡುತ್ತದೆ. ಅದಕ್ಕೇ ನಾನು ಮೊದಲು ನಿಲ್ಲಿಸುವುದನ್ನೇ ಕಲಿಸುತ್ತೇನೆ. ಸಮತಟ್ಟಾದ ಜಾಗ, ಸುತ್ತ ಯಾರೂ ಇರಬಾರದು, ವೈಬ್ರೇಶನ್ ಆಫ್, ನಡೆಯುವಷ್ಟೇ ವೇಗ. ನಾನು ದೂರದಲ್ಲಿ ಪಕ್ಕಕ್ಕೆ ನಿಂತು ಯಾವಾಗ ಬೇಕಾದರೂ ಕೈ ಎತ್ತುತ್ತೇನೆ. ಅವನು ಲಿವರ್ ಕಡೆ ನೋಡದೇ ನಿಲ್ಲಿಸಬೇಕು. ಮುಂದೆ ಹೋಗುವಾಗ, ಹಿಂದೆ ಬರುವಾಗ, ತಿರುವಿನಲ್ಲಿ. ಬೇಜಾರಾದರೂ ಬಿಡಬೇಡಿ. ಕೈ ತಾನಾಗಿ ನಡುವಿಗೆ ಬರುವವರೆಗೆ ಇದೊಂದೇ ಕೆಲಸ. ಕೆಂಪು ಎಮರ್ಜೆನ್ಸಿ ಬಟನ್ ಎಲ್ಲಿದೆ ತೋರಿಸಿ, ಒಮ್ಮೆ ಒತ್ತಿಸಿ. ಮೆಷಿನ್ ಹೇಗೆ ಜಗ್ಗಿ ನಿಲ್ಲುತ್ತದೆ ಅಂತ ಮೈಗೆ ಗೊತ್ತಾಗಲಿ.

ಗ್ರೀಸ್ ಹೊಡೆಯುತ್ತಾನೆ ಅಂದ್ರಲ್ಲ, ಒಂದು ಕೇಳುತ್ತೇನೆ. ಡ್ರಮ್ಮಿಗೂ ಹಿಂದಿನ ಬಾಡಿಗೂ ನಡುವೆ ಮೆಷಿನ್ ಮಡಚಿಕೊಳ್ಳುವ ಜಾಗ ಇದೆ. ಗ್ರೀಸ್ ನಿಪ್ಪಲ್ ಅಲ್ಲೂ ಇರುತ್ತವೆ. ಅಲ್ಲಿ ಕೈ ಹಾಕುವ ಮುಂಚೆ, ಮೆಷಿನ್ ಮಡಚದಂತೆ ತಡೆಯುವ ಲಾಕ್ ಕಂಬಿ ಹಾಕುತ್ತಾನಾ? ಇಂಜಿನ್ ಚಾಲೂ ಇದ್ದು, ಮೇಲೆ ಕೂತವರು ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೆ ಸಾಕು, ಆ ಸಂದು ಮುಚ್ಚಿಕೊಳ್ಳುತ್ತದೆ. ಒಳಗಿದ್ದವನು ಉಳಿಯಲ್ಲ. ನಾನು ಹೊಸಬರಿಗೆ ಇದನ್ನು ಬಾಯಲ್ಲಿ ಹೇಳುವುದಿಲ್ಲ. ಇಂಜಿನ್ ನಿಲ್ಲಿಸಿ ಆ ಸಂದಿನಲ್ಲಿ ಖಾಲಿ ಐದು ಲೀಟರ್ ಆಯಿಲ್ ಕ್ಯಾನ್ ಇಡುತ್ತೇನೆ. ಎಲ್ಲರನ್ನೂ ದೂರ ನಿಲ್ಲಿಸಿ, ಇಂಜಿನ್ ಹಾಕಿ ಸ್ಟೇರಿಂಗ್ ಪೂರ್ತಿ ತಿರುಗಿಸುತ್ತೇನೆ. ಕ್ಯಾನ್ ರೊಟ್ಟಿ ಆಗಿ ಹೊರಗೆ ಬರುತ್ತದೆ. ಅದನ್ನು ಹುಡುಗನ ಕೈಗೆ ಕೊಡಿ. ಕೂಲಿಯವರಿಗೂ ತೋರಿಸಿ, ಯಾಕಂದರೆ ಆ ಸಂದಿನ ಪಕ್ಕ ನಿಂತು ಆಪರೇಟರ್ ಜೊತೆ ಮಾತಾಡುವವರು ಅವರೇ. ರಿಪೇರಿ, ಗ್ರೀಸ್, ಟ್ರೇಲರ್ ಪ್ರಯಾಣ, ಈ ಮೂರಕ್ಕೂ ಲಾಕ್ ಹಾಕಲೇಬೇಕು. ಓಡಿಸುವ ಮುಂಚೆ ಮರೆಯದೇ ತೆಗೆಯಬೇಕು, ಇಲ್ಲಾಂದ್ರೆ ಸ್ಟೇರಿಂಗ್ ತಿರುಗಲ್ಲ.

ಇನ್ನು ಏರಿ ವಿಚಾರ. ಅಂಚು ನೋಡಲು ಗಟ್ಟಿಯಾಗಿ ಕಾಣುತ್ತದೆ, ಒಳಗೆ ಪೊಳ್ಳು. ಟಿಪ್ಪರ್ ಸುರಿದ ಮಣ್ಣನ್ನು ಗ್ರೇಡರ್ ಎಳೆದಿರುತ್ತದೆ ಅಷ್ಟೇ, ಪಕ್ಕದಿಂದ ಅದಕ್ಕೆ ಆಸರೆ ಇಲ್ಲ. ನಿಮ್ಮ ಮೆಷಿನ್ನಿನ ಭಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಡ್ರಮ್ ಕಡೆಗೇ ಇದೆ. ಅದರ ಮೇಲೆ ವೈಬ್ರೇಶನ್ ಹಾಕಿದರೆ ಸೆಕೆಂಡಿಗೆ ಸುಮಾರು 30 ಸಲ ಗುದ್ದು. ಅಂಚು ಜಾರಲು ಇನ್ನೇನು ಬೇಕು? ಕಲಿಯುವವನಿಗೆ ನನ್ನ ಲೆಕ್ಕ ಇಷ್ಟೇ: ಡ್ರಮ್ಮಿನ ಮೂರರಲ್ಲಿ ಎರಡು ಭಾಗ ಯಾವಾಗಲೂ ಆಗಲೇ ಗಟ್ಟಿಯಾದ ನೆಲದ ಮೇಲಿರಬೇಕು. ಒಳಗಿನಿಂದ ಶುರು ಮಾಡಿ ಪಾಸ್ ಪಾಸಿಗೂ, ಅಂದರೆ ಒಂದೊಂದು ಸಲ ಓಡಿಸಿದಾಗಲೂ, ಸ್ವಲ್ಪ ಸ್ವಲ್ಪ ಹೊರಗೆ ಹೋಗಲಿ. ಅಂಚಿನ ಹತ್ತಿರ ಸ್ಟೇರಿಂಗ್ ಜೋರಾಗಿ ತಿರುಗಿಸಬಾರದು. ನಡು ಮಡಚಿದಾಗ ಭಾರ ಒಂದು ಪಕ್ಕಕ್ಕೆ ಸರಿಯುತ್ತದೆ, ಮಗುಚುವುದು ಆಗಲೇ. ಇಳಿಜಾರಿನಲ್ಲಿ ನೇರ ಹತ್ತಬೇಕು, ನೇರ ಇಳಿಯಬೇಕು, ಅಡ್ಡ ಹೋಗಬಾರದು.

ಬೆಲ್ಟ್ ಬಗ್ಗೆ. ಸೀಟಿನ ಹತ್ತಿರ ಇರುವ ಕಂಬದಲ್ಲಿ ಚಿಕ್ಕ ತಗಡಿನ ಪ್ಲೇಟ್ ಹುಡುಕಿ. ರೋಪ್ಸ್ ಅಂತ ಬರೆದಿರಬೇಕು. ಅಂದರೆ ಮೆಷಿನ್ ಮಗುಚಿದರೂ ಆ ಚೌಕಟ್ಟು ಕುಸಿಯದೇ ಆಪರೇಟರ್‌ಗೆ ಜಾಗ ಉಳಿಸುತ್ತದೆ. ಅದು ಕೆಲಸಕ್ಕೆ ಬರುವುದು ಬೆಲ್ಟ್ ಹಾಕಿದ್ದರೆ ಮಾತ್ರ. ಮಗುಚುವಾಗ ಹಾರಬಾರದು ಅಂತ ಹುಡುಗನಿಗೆ ದಿನಾ ಹೇಳಿ. ಹಾರಿದವನ ಮೇಲೇ ಮೆಷಿನ್ ಬೀಳುತ್ತದೆ. ಸ್ಟೇರಿಂಗ್ ಹಿಡಿದು ಒಳಗೇ ಕೂರಬೇಕು. ನಿಮ್ಮದರಲ್ಲಿ ಬರೀ ಬಿಸಿಲಿಗೆ ಹಾಕಿದ ತಗಡು ಇದ್ದರೆ ಆ ಮೆಷಿನ್ ಅನ್ನು 4 ಮೀಟರ್ ಏರಿಗೆ ಹತ್ತಿಸಲೇಬೇಡಿ. ಬೇರೆ ತರಿಸಿ.

ಕೂಲಿಯವರ ಚಿಂತೆ ಅಂದ್ರಿ. ಒಳ್ಳೆಯದು, ಇದನ್ನು ಕೇಳುವವರು ಕಡಿಮೆ. ರೋಲರ್ ಅರ್ಧ ಹೊತ್ತು ಹಿಂದಕ್ಕೇ ಓಡುತ್ತದೆ. ಸೀಟಿನಲ್ಲಿ ಕೂತರೆ ಹಿಂದಿನ ಇಂಜಿನ್ ಬಾನೆಟ್ ಅಡ್ಡ ಬರುತ್ತದೆ. ಬಗ್ಗಿ ಕಲ್ಲು ಆರಿಸುತ್ತಿರುವ ಹೆಂಗಸು ಕಾಣುವುದೇ ಇಲ್ಲ. ರಿವರ್ಸ್ ಹಾರನ್ ಕಿರಿಕಿರಿ ಅಂತ ವೈರ್ ಕಿತ್ತಿರುತ್ತಾರೆ. ಮೊದಲು ಅದನ್ನು ಜೋಡಿಸಿ. ರೋಲರ್ ಓಡುವ ಉದ್ದದಲ್ಲಿ ಜನ ಇರಬಾರದು. ಇವರು ಒಂದು ತುಂಡಿನಲ್ಲಿ ಮಣ್ಣು ಹರಡಲಿ, ಅವನು ಇನ್ನೊಂದು ತುಂಡಿನಲ್ಲಿ ಓಡಿಸಲಿ. ನಡುವೆ ಕೆಂಪು ಬಾವುಟ ನೆಡಿ. ಸನ್ನೆ ಮಾಡಲು ಒಬ್ಬರೇ ಇರಬೇಕು, ಆದರೆ "ನಿಲ್ಲಿಸು" ಅನ್ನುವ ಸನ್ನೆ ಮಾತ್ರ ಯಾರು ಮಾಡಿದರೂ ಅವನು ನಿಲ್ಲಿಸಬೇಕು.

ಮಧ್ಯಾಹ್ನದ ಹೊತ್ತು ನೋಡಿ. ನಿಮ್ಮ ಕಡೆ ಬಿಸಿಲಿಗೆ ಮರವೇ ಇರಲ್ಲ. ಬುತ್ತಿ ಉಂಡು ಜನ ರೋಲರ್ ನೆರಳಿನಲ್ಲೇ ಟವೆಲ್ ಹಾಸಿ ಮಲಗುತ್ತಾರೆ. ಕೆಲವರು ಕೂಸನ್ನೂ ಅಲ್ಲೇ ಮಲಗಿಸುತ್ತಾರೆ. ಅವರನ್ನು ಬೈಯುವುದಲ್ಲ, ಒಂದು ತಾಡಪತ್ರಿ ಕಟ್ಟಿ ನೆರಳು ಮಾಡಿಕೊಡಿ. ಮತ್ತೆ ಹುಡುಗನಿಗೆ, ಪ್ರತಿ ಸಲ ಹತ್ತುವ ಮುಂಚೆ ಒಂದು ಸುತ್ತು ಬರಬೇಕು, ಬಗ್ಗಿ ಡ್ರಮ್ ಮುಂದೆ, ಟೈರ್ ಹಿಂದೆ ನೋಡಬೇಕು, ಹಾರನ್ ಹೊಡೆದು ಸ್ವಲ್ಪ ಕಾಯಬೇಕು. ಟೀ ಕುಡಿದು ಬಂದರೂ ಅಷ್ಟೇ.

ವೈಬ್ರೇಶನ್ ಕೊನೆಗೆ ಕಲಿಸಿ. ನಿಂತಲ್ಲೇ ಹಾಕಬಾರದು, ಮೆಷಿನ್ ಚಲಿಸಿದ ಮೇಲೆ ಹಾಕಬೇಕು, ನಿಲ್ಲುವ ಮುಂಚೆ ತೆಗೆಯಬೇಕು. ಮಣ್ಣು ಗಟ್ಟಿಯಾದ ಮೇಲೂ ಹೊಡೆಯುತ್ತಿದ್ದರೆ ಡ್ರಮ್ ಕುಣಿಯಲು ಶುರು ಮಾಡುತ್ತದೆ, ಸ್ಟೇರಿಂಗ್ ಹಿಡಿತಕ್ಕೆ ಸಿಗಲ್ಲ. ಆ ಕುಣಿತ ಬಂತೆಂದರೆ ಆಫ್ ಮಾಡಬೇಕು.

ಮೋರಿ ಇಂಜಿನಿಯರ್:

ಮೇಲಿನವರು ಹೇಳಿದ್ದೆಲ್ಲ ಸರಿ. ಒಂದು ಕಡೆ ಮಾತ್ರ ಸೇರಿಸುತ್ತೇನೆ. ನಮ್ಮ ಇಂಜಿನಿಯರ್‌ಗಳು ರೋಲಿಂಗ್ ಅಂಚಿನಿಂದ ನಡುವಿಗೆ ಬರಬೇಕು ಅಂತ ಹಟ ಹಿಡಿಯುತ್ತಾರೆ. ಹುಡುಗ ಒಳಗಿನಿಂದ ಶುರು ಮಾಡಿದರೆ ಜಗಳ ಆಗುತ್ತದೆ. ಇದಕ್ಕೆ ದಾರಿ ಇದೆ. ಪ್ರತಿ ಪದರವನ್ನು ಎರಡೂ ಪಕ್ಕ ಅರ್ಧ ಮೀಟರ್ ಅಗಲ ಜಾಸ್ತಿ ಹಾಕಿ. ನಿಜವಾದ ಅಂಚಿಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಿರಿ. ಡ್ರಮ್ ಆ ಗೆರೆ ದಾಟಬಾರದು. ಕೊನೆಗೆ ಜಾಸ್ತಿ ಇರುವ ಸಡಿಲ ಮಣ್ಣನ್ನು ಜೆಸಿಬಿಯಲ್ಲಿ ಕೆತ್ತಿ ತೆಗೆಯಿರಿ. ಗೆರೆಯೊಳಗೆ ಸಾಂದ್ರತೆಯೂ ಬರುತ್ತದೆ, ರೋಲರ್ ಅಂಚಿಗೆ ಹೋಗುವ ಪ್ರಮೇಯವೂ ಇಲ್ಲ. ಕೆತ್ತಿದ ಮಣ್ಣು ಮತ್ತೆ ಬಳಸಬಹುದು, ನಷ್ಟ ಅಂತ ಮಾಲೀಕರು ಹೇಳಿದರೆ ಇದನ್ನು ತೋರಿಸಿ.

ಪದರ ಗಟ್ಟಿಯಾದ ಮೇಲೆ 200 ಮಿಲಿಮೀಟರ್ ಮೀರದ ಹಾಗೆ ನೋಡಿಕೊಳ್ಳಿ. ದಪ್ಪ ಹಾಕಿದರೆ ಮೇಲೆ ಗಟ್ಟಿ, ಕೆಳಗೆ ಸಡಿಲ. ಲ್ಯಾಬ್ ಪರೀಕ್ಷೆಯಲ್ಲಿ ಸಿಗುವ ಗರಿಷ್ಠ ಸಾಂದ್ರತೆಗೆ ಹೋಲಿಸಿ ಏರಿಗೆ 95%, ರಸ್ತೆ ಪದರಗಳ ಅಡಿಯಲ್ಲೇ ಬರುವ ಮೇಲಿನ ಮಣ್ಣು, ಅಂದರೆ ಸಬ್‌ಗ್ರೇಡ್‌ಗೆ 97% ಸಾಂದ್ರತೆ ಕೇಳುತ್ತಾರೆ. ಅದು ಬರದಿದ್ದರೆ ಅದೇ ಹುಡುಗನನ್ನು ಸಂಜೆ ಕತ್ತಲಲ್ಲಿ ಮತ್ತೆ ಏರಿ ಮೇಲೆ ಕಳಿಸುತ್ತಾರೆ. ಕೆಲಸ ಒಂದೇ ಸಲಕ್ಕೆ ಸರಿಯಾದರೆ ಅವನಿಗೂ ಸುರಕ್ಷಿತ.

ಸೇತುವೆ ಗೋಡೆಗೆ ಒತ್ತಿ ದೊಡ್ಡ ರೋಲರ್ ವೈಬ್ರೇಶನ್ ಬೇಡ. ಅಲ್ಲಿ ಮಣ್ಣು ಕುಟ್ಟುವ ಚಿಕ್ಕ ಮೆಷಿನ್, ಅಂದರೆ ಪ್ಲೇಟ್ ಕಾಂಪ್ಯಾಕ್ಟರ್ ಅಥವಾ ಕೈ ರ‍್ಯಾಮರ್, ತೆಳು ಪದರ. ಕೈಯಲ್ಲಿ ಹಿಡಿದು ನಡೆಸುವ ಚಿಕ್ಕ ರೋಲರ್ ತಂದರೆ ಅದರ ಹಿಡಿಯಲ್ಲಿರುವ ಸೇಫ್ಟಿ ಲಿವರ್ ಮುಖ್ಯ. ಕೈ ಬಿಟ್ಟರೆ ಮೆಷಿನ್ ನಿಲ್ಲಬೇಕು. ಕೈ ನೋವು ಅಂತ ಅದಕ್ಕೆ ತಂತಿ ಕಟ್ಟಿಬಿಡುತ್ತಾರೆ. ಹಾಗೆ ಕಟ್ಟಿದ್ದರೆ, ಹಿಂದಕ್ಕೆ ಬರುವಾಗ ಗೋಡೆಗೂ ಮೆಷಿನ್ನಿಗೂ ನಡುವೆ ಮನುಷ್ಯ ಸಿಕ್ಕಿಬೀಳುತ್ತಾನೆ.

ಲೈಸೆನ್ಸ್ ವಿಚಾರ. ಮೋಟಾರು ವಾಹನ ಕಾಯ್ದೆ 1988ರಲ್ಲಿ ರೋಡ್ ರೋಲರ್‌ಗೆ ಬೇರೆಯೇ ವರ್ಗ ಇದೆ. 7,500 ಕೆಜಿ ಒಳಗಿನ ರೋಲರ್ ಮಾತ್ರ ಲಘು ವಾಹನದ ಲೆಕ್ಕಕ್ಕೆ ಬರುತ್ತದೆ. ನಿಮ್ಮದು 11 ಟನ್. ಟ್ರ್ಯಾಕ್ಟರ್ ಲೈಸೆನ್ಸ್ ತೋರಿಸಿ ರಸ್ತೆಗೆ ಇಳಿಸಬೇಡಿ. ತರಬೇತಿ ಪ್ರಮಾಣಪತ್ರಕ್ಕೆ ಇನ್‌ಫ್ರಾಸ್ಟ್ರಕ್ಚರ್ ಇಕ್ವಿಪ್‌ಮೆಂಟ್ ಸ್ಕಿಲ್ ಕೌನ್ಸಿಲ್ ಇದೆ, ಅಲ್ಲಿ ವಿಚಾರಿಸಿ. ಹುಡುಗನಿಗೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇಲ್ಲದಿದ್ದರೆ ಅದನ್ನೂ ಮಾಡಿಸಿ. ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ನೋಂದಣಿ ಆಗುತ್ತದೆ.

ಗರಸು ಸೈಟ್:

ಇಬ್ಬರಿಗೂ ತುಂಬಾ ಧನ್ಯವಾದ. ಇವತ್ತು ಬೆಳಿಗ್ಗೆ ಹೋಗಿ ನೋಡಿದೆ. ರೋಪ್ಸ್ ಪ್ಲೇಟ್ ಇದೆ. ಬೆಲ್ಟ್ ಸೀಟಿನ ಕೆಳಗೆ ಸೇರಿತ್ತು, ಬಕಲ್ ತುಂಬ ಮಣ್ಣು. ತೊಳೆಸಿ ನೋಡಿದರೆ ಕೂರುತ್ತಿಲ್ಲ, ಹೊಸದು ತರಲು ಹೇಳಿದ್ದೇನೆ. ಲಾಕ್ ಕಂಬಿಯ ಪಿನ್ ತುಕ್ಕು ಹಿಡಿದು ಅಲ್ಲಾಡುತ್ತಿರಲಿಲ್ಲ. ಹುಡುಗನನ್ನು ಕೇಳಿದೆ, "ಅದು ಏತಕ್ಕೆ ಅಂತ ಯಾರೂ ಹೇಳಿಲ್ರಿ" ಅಂದ. ಕ್ಯಾನ್ ಇಟ್ಟು ತೋರಿಸಿದ ಮೇಲೆ ಸುಮ್ನೆ ನಿಂತುಬಿಟ್ಟ. ಆಮೇಲೆ ತಾನೇ ಹೋಗಿ ಪಿನ್ನಿಗೆ ಡೀಸೆಲ್ ಹಾಕಿ ಬಿಡಿಸಿದ.

ಇನ್ನೊಂದು ಕೇಳಬೇಕು. ಮುಂದಿನ ವಾರ ಮೆಷಿನ್ ಇನ್ನೊಂದು ಸೈಟಿಗೆ ಹೋಗಬೇಕು. ಟ್ರೇಲರ್ ಬರುತ್ತದೆ. ಹತ್ತಿಸುವುದನ್ನು ಹುಡುಗನ ಕೈಲೇ ಮಾಡಿಸಿದರೆ ಕಲಿತಹಾಗೆ ಆಗುತ್ತಾ?

ಹಳೇ ಆಪರೇಟರ್:

ಬೇಡ ಸರ್. ಈ ಕೆಲಸದಲ್ಲಿ ಟ್ರೇಲರ್ ಹತ್ತಿಸುವುದೇ ಕಷ್ಟ, ಅದು ಕೊನೆಯ ಪಾಠ. ನಯವಾದ ಕಬ್ಬಿಣದ ಡ್ರಮ್, ಕಬ್ಬಿಣದ ರ‍್ಯಾಂಪ್. ಹಿಡಿತವೇ ಇರಲ್ಲ. ಎರೆ ಮಣ್ಣಿನ ಹಸಿ ಅಂಟಿದ್ದರೆ ಅರ್ಧ ಹತ್ತಿ ಪಕ್ಕಕ್ಕೆ ಜಾರುತ್ತದೆ.

ಆ ದಿನಕ್ಕೆ ಅನುಭವ ಇರುವ ಆಪರೇಟರ್ ಒಬ್ಬರನ್ನು ದಿನಗೂಲಿ ಕೊಟ್ಟು ಕರೆಸಿ. ಟ್ರೇಲರ್ ಗಟ್ಟಿ ಸಮ ನೆಲದಲ್ಲಿ ನಿಲ್ಲಲಿ, ಚಕ್ರಕ್ಕೆ ಅಡ್ಡಗಟ್ಟೆ ಹಾಕಲಿ. ಡ್ರಮ್, ಟೈರ್, ರ‍್ಯಾಂಪ್ ಎಲ್ಲ ಕೆರೆದು ಒರೆಸಿ ಒಣಗಿಸಿ. ರ‍್ಯಾಂಪ್ ಮೇಲೆ ಮರದ ಹಲಗೆ ಬಿಗಿದರೆ ಹಿಡಿತ ಸಿಗುತ್ತದೆ. ವೈಬ್ರೇಶನ್ ಆಫ್, ಬೆಲ್ಟ್ ಹಾಕಿರಬೇಕು, ನಿಧಾನವಾಗಿ ನೇರ ಹತ್ತಬೇಕು. ರ‍್ಯಾಂಪಿನ ಮೇಲೆ ಸ್ಟೇರಿಂಗ್ ತಿದ್ದಬಾರದು. ಸಾಲು ತಪ್ಪಿದರೆ ಕೆಳಗಿಳಿದು ಮತ್ತೆ ನೇರ ಮಾಡಿಕೊಳ್ಳಬೇಕು. "ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ" ಅಂತ ಪಕ್ಕದಲ್ಲಿ ನಿಂತು ಕೂಗುವವರನ್ನು ದೂರ ಕಳಿಸಿ. ಮಗುಚಿದರೆ ಬೀಳುವುದು ಅವರ ಮೇಲೆ.

ಹುಡುಗ ದೂರದಲ್ಲಿ ನಿಂತು ನೋಡಲಿ. ಮೇಲೆ ಹತ್ತಿ ಇಂಜಿನ್ ಆಫ್ ಆದ ಮೇಲೆ ನಡುವಿನ ಲಾಕ್ ಹಾಕುವ ಕೆಲಸ ಅವನದು. ಚೈನ್ ಬಿಗಿಯುವುದನ್ನು ಟ್ರೇಲರ್ ಡ್ರೈವರ್ ಜೊತೆ ಅವನೂ ಮಾಡಲಿ, ಮುಂದೆ ಎರಡು, ಹಿಂದೆ ಎರಡು. ಸ್ವಲ್ಪ ದೂರ ಹೋದ ಮೇಲೆ ಗಾಡಿ ನಿಲ್ಲಿಸಿ ಚೈನ್ ಮತ್ತೊಮ್ಮೆ ನೋಡಲು ಹೇಳಿ. ರಸ್ತೆ ಕುಲುಕಾಟಕ್ಕೆ ಸಡಿಲ ಆಗಿರುತ್ತದೆ.