ಮೂಡಿ ಬ್ಲೂಸ್‌ನ 1967ರ ಆಲ್ಬಮ್: ಆರ್ಕೆಸ್ಟ್ರಾ ಭಾಗ ಹಾರಿಸಿ ಕೇಳೋರು ಇದೀರಾ?

ಕೆರೆ_ಏರಿ (ಮೈಸೂರು):
ನಮಸ್ಕಾರ ಎಲ್ರಿಗೂ. ನಮ್ಮ ಸೋದರಮಾವ ಮನೆ ಬದಲಾಯಿಸುವಾಗ ಒಂದು ಡಬ್ಬದ ತುಂಬ ಎಲ್‌ಪಿ ಕೊಟ್ರು, ಅದ್ರಲ್ಲಿ ಇಂಗ್ಲೆಂಡಿನ ರಾಕ್ ಬ್ಯಾಂಡ್ ಮೂಡಿ ಬ್ಲೂಸ್‌ನ 'ಡೇಸ್ ಆಫ್ ಫ್ಯೂಚರ್ ಪಾಸ್ಡ್' ಇತ್ತು. ಕವರ್ ಅಂಚನ್ನ ಗೆದ್ದಲು ತಿಂದಿದೆ, ಪ್ಲೇಟ್ ಮಾತ್ರ ಗೀರಿಲ್ಲದೆ ಚೆನ್ನಾಗಿದೆ. ಎರಡು ತಿಂಗಳಿಂದ ವಾರಕ್ಕೆ ಎರಡು ಮೂರು ಸಲ ಹಾಕ್ತಿದೀನಿ, ಬೇಜಾರೇ ಬರ್ತಿಲ್ಲ. ಬೆಳಗಿನ ಜಾವದಿಂದ ರಾತ್ರಿವರೆಗೆ ಒಂದೇ ದಿನದ ಕಥೆ, ಎಲ್ಲಾ ಸೇರಿ 40 ನಿಮಿಷ ಚಿಲ್ಲರೆ. ನನ್ನ ತಮ್ಮ ಮಾತ್ರ ಫೋನಲ್ಲಿ ಹಾಡಷ್ಟೇ ಕೇಳ್ತಾನೆ, ಮಧ್ಯದ ಆರ್ಕೆಸ್ಟ್ರಾ, ಪಿಟೀಲು ಗಿಟೀಲೆಲ್ಲ ಹಳೇ ಸಿನಿಮಾ ಬ್ಯಾಕ್‌ಗ್ರೌಂಡ್ ಇದ್ದಂಗಿದೆ, ಅದಿಲ್ದೇ ಇದ್ರೂ ಹಾಡಿಗೇನೂ ಆಗಲ್ಲ ಅಂತಾನೆ. ನಂಗೆ ಹಾಗನ್ಸಲ್ಲ, ಆದ್ರೆ ಯಾಕೆ ಅಂತ ಬಿಡಿಸಿ ಹೇಳೋಕೆ ಬರ್ತಿಲ್ಲ. ಕೇಳಿರೋರು ಹೇಳಿ.

ಆಲೆಮನೆ_ಮಂಡ್ಯ:
ನಿಮ್ಮ ತಮ್ಮ ಹೇಳೋದ್ರಲ್ಲಿ ಅರ್ಧ ನಿಜ ಐತೆ. ಬ್ಯಾಂಡಿನೋರು ಬೇರೆ ರೆಕಾರ್ಡ್ ಮಾಡಿದ್ರು, ಆರ್ಕೆಸ್ಟ್ರಾ ಬೇರೆ ರೆಕಾರ್ಡ್ ಆಯ್ತು, ಆಮೇಲೆ ಜೋಡಿಸಿದ್ದು. ಕವರ್ ಮೇಲೆ ಲಂಡನ್ ಫೆಸ್ಟಿವಲ್ ಆರ್ಕೆಸ್ಟ್ರಾ ಅಂತ ಇದ್ರೂ ಅದು ಡೆಕ್ಕಾ ಕಂಪನಿ ರೆಕಾರ್ಡಿಂಗ್‌ಗೆ ಅಂತ ಸೇರಿಸಿದ ವಾದ್ಯಗಾರರ ಗುಂಪು.

ಇನ್ನೊಂದ್ ವಿಷ್ಯ, ಆಲ್ಬಮ್‌ನ ಕೊನೇ ಹಾಡು 'ನೈಟ್ಸ್ ಇನ್ ವೈಟ್ ಸ್ಯಾಟಿನ್' ಒಳಗೆ ಪಿಟೀಲು ಅನ್ಕೊಂಡು ನಾವು ಕೇಳ್ತೀವಲ್ಲ, ಅದು ಆರ್ಕೆಸ್ಟ್ರಾ ಅಲ್ಲ, ಬ್ಯಾಂಡಿನ ಮೈಕ್ ಪಿಂಡರ್ ನುಡಿಸಿರೋ ಮೆಲೊಟ್ರಾನ್ ಅನ್ನೋ ಕೀಬೋರ್ಡು. ಒಂದೊಂದು ಕೀಗೂ ಒಂದೊಂದು ಟೇಪಿನ ಪಟ್ಟಿ ಇರುತ್ತೆ, ಕೀ ಒತ್ತಿದ್ರೆ ಟೇಪ್ ಓಡ್ತದೆ, ಎಂಟು ಸೆಕೆಂಡ್ ಆಸುಪಾಸಿಗೆ ಮುಗೀತದೆ, ಬೆರಳು ತೆಗೆದ್ರೆ ಸ್ಪ್ರಿಂಗು ವಾಪಸ್ ಎಳ್ಕತದೆ. ಪಿಂಡರ್ ಆ ಮಿಷನ್ ಮಾಡೋ ಬರ್ಮಿಂಗ್‌ಹ್ಯಾಮ್ ಕಂಪನೀಲೇ ಕೆಲ್ಸ ಮಾಡಿದ್ದೋನು, ಅದರ ಒಳಹೊರಗು ಗೊತ್ತಿತ್ತು. ಆ ಸ್ವರ ಒಂಚೂರು ನಡುಗ್ತದೆ ನೋಡಿ, ನಂಗೆ ಆ ನಡುಕನೇ ಇಷ್ಟ, ನಿಜವಾದ ಪಿಟೀಲಲ್ಲಿ ಅದು ಬರಲ್ಲ. ಆಮೇಲೆ ಬ್ಯಾಂಡಿನ ರೇ ಥಾಮಸ್ ಕೊಳಲು ಬರ್ತದಲ್ಲ, ರಾತ್ರಿ ಗದ್ದೆಗೆ ನೀರು ತಿರುಗಿಸೋಕೆ ಹೋದಾಗ ಇಯರ್‌ಫೋನಲ್ಲಿ ಕೇಳಿದ್ದೆ, ನಾಲೆ ಪಕ್ಕದಲ್ಲೇ ಸುಮ್ನೆ ಕೂತ್ಬಿಟ್ಟೆ.

ವೀಣೆ_ಕಲಿಯೋಳು:
ನಾನು ಸರಸ್ವತಿಪುರಂ. ಕೆರೆ ಏರಿಯವರೇ, ತಮ್ಮನಿಗೆ ಒಂದೇ ಒಂದು ಕೆಲಸ ಹೇಳಿ, ಮೊದಲನೇ ಟ್ರ್ಯಾಕ್ ಪೂರ್ತಿ ಕೇಳಲಿ. ಬರೀ ಆರ್ಕೆಸ್ಟ್ರಾ, ಕೊನೇಲಿ ಒಂದು ಪದ್ಯ. ಆರ್ಕೆಸ್ಟ್ರಾ ಸಂಯೋಜಿಸಿ ನಡೆಸಿದ ಪೀಟರ್ ನೈಟ್ ಅಲ್ಲಿ ಮುಂದೆ ಬರೋ ಹಾಡುಗಳ ಧಾಟೀನೇ ಚೂರು ಚೂರು ತಂದಿದಾರೆ, ಕೊನೆ ಹಾಡಿನ ಧಾಟಿ ಕೂಡ ಅಲ್ಲೇ ಸುಳಿದು ಹೋಗುತ್ತೆ. ಆಲಾಪನೇಲಿ ಕೃತಿ ಶುರುವಾಗೋಕೆ ಮುಂಚೇನೇ ಅದರ ನೆರಳು ಕಾಣಿಸಿದ ಹಾಗೆ. ಅರ್ಧ ಗಂಟೆ ದಾಟಿದ ಮೇಲೆ ಬ್ಯಾಂಡಿನ ಗಾಯಕ ಜಸ್ಟಿನ್ ಹೇವರ್ಡ್ ಆ ಕೊನೆ ಹಾಡನ್ನ ಹಾಡೋಕೆ ಶುರು ಮಾಡಿದಾಗ ನಮಗೆ ಗೊತ್ತಿಲ್ದೇ ಕಿವಿ ಅದಕ್ಕೇ ಕಾದಿರುತ್ತೆ. ಪದ್ಯಾನೂ ಹಾಗೇ, ಡ್ರಮ್ಮರ್ ಗ್ರೇಮ್ ಎಡ್ಜ್ ಬರೆದಿದ್ದು, ಪಿಂಡರ್ ಓದಿದ್ದು, ಶುರುವಲ್ಲಿ ಬಂದ ಚಂದ್ರನ ಸಾಲುಗಳೇ ಕೊನೇಲಿ ಮತ್ತೆ ಬರುತ್ತೆ. ಹಾರಿಸಿ ಕೇಳಿದ್ರೆ ಇದೆಲ್ಲ ಹೋಯ್ತು.

ದಿನದ ಹೊತ್ತಿಗೆ ತಕ್ಕ ಸಂಗೀತ ನಮಗಂತೂ ಹೊಸದಲ್ಲ, ಬೆಳಿಗ್ಗೆಗೆ ಭೂಪಾಳ, ಮಲಗೋ ಹೊತ್ತಿಗೆ ನೀಲಾಂಬರಿ ಅಂತ ಹೊತ್ತಿಗೊಂದು ರಾಗ ಇಟ್ಕೊಂಡೋರು ನಾವು. ಕೊನೆ ಹಾಡು ತಿಶ್ರ ನಡೆ, ಅಂದ್ರೆ ಮೂರರ ಎಣಿಕೆ, ತೊಡೆ ಮೇಲೆ ತಾಳ ಹಾಕಿ ನೋಡಿ, ತಾನಾಗೇ ಕೂರುತ್ತೆ. ಮತ್ತೆ ಮೈಸೂರಿಗೆ ಆರ್ಕೆಸ್ಟ್ರಾ ಏನು ಪರಕೀಯಾನಾ? ಜಯಚಾಮರಾಜ ಒಡೆಯರು ದೇವೀ ಮೇಲೆ ಕೃತಿ ರಚಿಸ್ತಿದ್ದವರೇ ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೂ ಹಣ ಕೊಟ್ರು, 1950ರಲ್ಲಿ ಜರ್ಮನ್ ಸಂಗೀತ ರಚನೆಕಾರ ರಿಚರ್ಡ್ ಸ್ಟ್ರಾಸ್‌ನ ಕೊನೇ ನಾಲ್ಕು ಹಾಡು ಮೊದಲ ಸಲ ಕೇಳಿಸಿದ್ದೂ ಅವರ ನೆರವಿನಿಂದ.

ಆಲೆಮನೆ_ಮಂಡ್ಯ:
ಆ ಚಂದ್ರನ ಸಾಲು ಎರಡು ಸಲ ಬರೋದು ನಾನು ಗಮನಿಸೇ ಇರ್ಲಿಲ್ಲ ಮೇಡಂ, ಇವತ್ತೇ ಕೇಳ್ತೀನಿ. ಕೆರೆ ಏರಿಯವರೇ, ನಿಮ್ಮ ತಮ್ಮ ಫೋನಲ್ಲಿ ಕೇಳ್ತಿರೋದು 1978ರ ಮಿಕ್ಸ್ (ಬೇರೆ ಬೇರೆ ರೆಕಾರ್ಡಿಂಗ್ ಬೆರೆಸಿ ಜೋಡಿಸಿದ್ದು) ಇರಬೋದು, ಮಾಸ್ಟರ್ ಟೇಪ್ ಹಾಳಾಗಿತ್ತು ಅಂತ ಆಗ ಹೊಸದಾಗಿ ಮಿಕ್ಸ್ ಮಾಡಿದ್ರು. 2017ರ ಐವತ್ತನೇ ವರ್ಷದ ಎಡಿಷನ್‌ನಲ್ಲಿ ಹಳೇ 1967ರ ಮಿಕ್ಸ್ ಐತೆ, ಅದನ್ನ ಹುಡುಕ್ಕೊಡಿ. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟೀಲಿ 'ನೈಟ್ಸ್ ಇನ್ ವೈಟ್ ಸ್ಯಾಟಿನ್' 2ನೇ ಸ್ಥಾನಕ್ಕೆ ಬಂದಿದ್ದೇ 1972ರಲ್ಲಿ, ಆಲ್ಬಮ್ ಬಂದು ಐದು ವರ್ಷಕ್ಕೆ, ನಿಮ್ಮ ತಮ್ಮನಿಗೂ ಟೈಮ್ ಕೊಡಿ.

ಕೆರೆ_ಏರಿ (ಮೈಸೂರು):
ತುಂಬ ಥ್ಯಾಂಕ್ಸ್ ಇಬ್ಬರಿಗೂ. ನಿನ್ನೆ ಸಂಜೆ ಅವನನ್ನ ಕೂರಿಸಿ ಪ್ಲೇಟ್ ಹಾಕ್ದೆ. ಒಂದು ವಿಷ್ಯ ನಂಗೇ ಆಗ ಹೊಳೀತು, ಮೊದಲನೇ ಸೈಡ್ ಮುಗಿಯೋದು ಮಧ್ಯಾಹ್ನದ ಊಟದ ಬಿಡುವಿಗೆ, ನಾವು ಎದ್ದು ತಿರುಗಿಸಿ ಹಾಕಿದ್ರೆ ಸೂರ್ಯ ಇಳಿಯೋಕೆ ಶುರು. ಫೋನಲ್ಲಿ ಆ ಬಿಡುವೇ ಸಿಗಲ್ಲ. ಅವನಿಗೆ ಮೊದಲನೇ ಟ್ರ್ಯಾಕ್ ಈಗ್ಲೂ ಉದ್ದ ಅನ್ಸುತ್ತಂತೆ. ಆದ್ರೆ ಕೊನೇ ಗಾಂಗ್ ಹೊಡೆದು ಅದರ ಸದ್ದು ಅಡಗೋವರೆಗೂ ಎದ್ದೇಳಲಿಲ್ಲ, ಅಡುಗೆಮನೇಲಿ ಕುಕ್ಕರ್ ಕೂಗ್ತಿದ್ರೂ.